ಕ್ಯೂಫೀಲ್ಡ್: ಕಾಫಿಯ ಕೀಟ-ರೋಗದ ನಕ್ಷೆಗೆ ಒಗ್ಗುತ್ತದೆಯೇ?

ಒಗ್ಗುತ್ತದೆ, ಮಾಹಿತಿ ತುಂಬುವ ಫಾರ್ಮ್ (ನಮೂನೆ) ಸರಿಯಾಗಿ ಕಟ್ಟಿಕೊಂಡಿದ್ದರೆ. ತೋಟದಲ್ಲೇ ಫೋನಿನಲ್ಲಿ ಮಾಹಿತಿ ಬರೆದು ನಕ್ಷೆಗೆ ಸೇರಿಸುವ ಈ ಆ್ಯಪ್ ಉಚಿತ, ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ. ಆದರೆ ಫಾರ್ಮನ್ನು ಮೊದಲೇ ಕಂಪ್ಯೂಟರಿನಲ್ಲಿ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಸಿದ್ಧಪಡಿಸಬೇಕು. ಎಡವಟ್ಟುಗಳೆಲ್ಲ ಹುಟ್ಟುವುದು ಅಲ್ಲೇ.

‘ಬಾಧೆ ಕಡಿಮೆ, ಮಧ್ಯಮ, ಹೆಚ್ಚು’ ಎಂಬ ಆಯ್ಕೆಗಳನ್ನು ಇಡಲೇಬೇಡಿ. ಒಬ್ಬರ ಕಣ್ಣಿಗೆ ಕಡಿಮೆ ಎನಿಸಿದ್ದು ಇನ್ನೊಬ್ಬರಿಗೆ ಹೆಚ್ಚು. ಎಣಿಕೆಯನ್ನೇ ಕೇಳಿ. ಕಾಯಿಕೊರಕಕ್ಕಾದರೆ ಕೊಂಬೆಯಲ್ಲಿ ಒಟ್ಟು ಎಷ್ಟು ಕಾಯಿ, ತುದಿಯ ಹೊಕ್ಕುಳಲ್ಲಿ ಸೂಜಿಮೊನೆಯಂಥ ತೂತು ಬಿದ್ದದ್ದು ಎಷ್ಟು. 80ರಲ್ಲಿ 6 ಎಂದರೆ ಶೇ. 7.5. ಎಲೆ ತುಕ್ಕಿಗೆ ಎಲೆ ಮಗುಚಿ ನೋಡಬೇಕು: ಬೆರಳಿಗೆ ಕಿತ್ತಳೆ ಪುಡಿ ಹತ್ತಿದರೆ ಅದು ಇನ್ನೂ ಹರಡುವ ಸೋಂಕು, ಒಣಗಿದ ಕಂದು ಕಲೆ ಹಳೆಯದು. ಎರಡಕ್ಕೂ ಪ್ರತ್ಯೇಕ ಕಾಲಂ ಇರಲಿ.

ಎಣಿಕೆಯ ಕಾಲಂಗೆ ಡಿಫಾಲ್ಟ್ ಆಗಿ ಸೊನ್ನೆ ಹಾಕಿದರೆ ನೋಡದೆ ಮುಂದೆ ಹೋದ ಗಿಡವೂ ‘ರೋಗವಿಲ್ಲ’ ಎಂದು ದಾಖಲಾಗುತ್ತದೆ. ಖಾಲಿ ಬಿಟ್ಟು, ಭರ್ತಿ ಕಡ್ಡಾಯ ಮಾಡಿ. ದಿನಾಂಕ ತಾನಾಗಿ ಬರಲಿ, ಆದರೆ ‘ತಿದ್ದಿದಾಗಲೂ ಡಿಫಾಲ್ಟ್ ಅನ್ವಯಿಸು’ ಎಂಬ ಟಿಕ್ ತೆಗೆದಿಡಿ. ಇಲ್ಲದಿದ್ದರೆ ಸಂಜೆ ಒಂದು ಅಕ್ಷರ ತಿದ್ದಿದರೂ ಹಳೆಯ ದಿನಾಂಕ ಹೋಗಿಬಿಡುತ್ತದೆ.

ಇನ್ನು ಜಿಪಿಎಸ್. ನೆರಳು ಮರಗಳಡಿ ಫೋನು 10 ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಅರೇಬಿಕಾ ಗಿಡಗಳ ನಡುವಿನ ಅಂತರವೇ 2 ಮೀಟರ್ ಆಸುಪಾಸು. ಕಾಂಡಕೊರಕ ಹೊಕ್ಕ ಗಿಡ ಕೀಳಲು ನಕ್ಷೆಯ ಚುಕ್ಕೆಯನ್ನೇ ನಂಬಿ ಹೋದರೆ ಪಕ್ಕದ ಗಿಡಕ್ಕೆ ಗುದ್ದಲಿ ಬಿದ್ದೀತು. ಬ್ಲಾಕ್, ಸಾಲು, ಗಿಡದ ಸಂಖ್ಯೆಯನ್ನೂ ಬರೆಸಿ, ಗಿಡಕ್ಕೊಂದು ಬಣ್ಣದ ಪಟ್ಟಿ ಕಟ್ಟಿಸಿ. ಹಲವು ಅಳತೆಗಳ ಸರಾಸರಿ ತೆಗೆಯುವ ಸೌಲಭ್ಯ ಆ್ಯಪ್‌ನಲ್ಲಿದೆ. ಒಂದಿಷ್ಟು ಸಹಾಯ, ಅಷ್ಟೇ.

ಎಲ್ಲರಿಗೂ ಇಷ್ಟವಾಗುವ ಹೀಟ್‌ಮ್ಯಾಪ್ ಬಗ್ಗೆ ತಕರಾರಿದೆ. ಅದು ಕೆಂಪಾಗುವುದು ಚುಕ್ಕೆಗಳು ಒತ್ತೊತ್ತಾಗಿರುವಲ್ಲಿ. ದಾರಿಯ ಬದಿಯ ಗಿಡಗಳನ್ನೇ ಹೆಚ್ಚು ನೋಡಿದ್ದರೆ ರೋಗವೂ ದಾರಿಯ ಬದಿಯಲ್ಲೇ ಇದ್ದಂತೆ ಕಾಣುತ್ತದೆ! ಚುಕ್ಕೆಗಳ ಲೇಯರ್ (ನಕ್ಷೆಯ ಪದರ) ಅಕ್ಷಾಂಶ-ರೇಖಾಂಶದಲ್ಲಿರುವಾಗ ಹೀಟ್‌ಮ್ಯಾಪ್ ಟೂಲಿಗೆ ತ್ರಿಜ್ಯ 50 ಎಂದು ಕೊಟ್ಟರೆ ಅದು 50 ಮೀಟರ್ ಅಲ್ಲ, 50 ಡಿಗ್ರಿ. ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ ಬದಲಿಸಿಕೊಳ್ಳಿ. ನನ್ನ ಕೇಳಿದರೆ, ಪ್ರತಿ ಬ್ಲಾಕಿನಲ್ಲೂ ಅಂಕುಡೊಂಕಾಗಿ ನಡೆದು 30 ಗಿಡ ನೋಡಿ, ಬ್ಲಾಕಿನ ಸರಾಸರಿ ಶೇಕಡಾವಾರಿಗೆ ಬಣ್ಣ ತುಂಬುವುದೇ ಮೇಲು. ಅದೇ ಬ್ಲಾಕುಗಳನ್ನು 15 ದಿನಕ್ಕೊಮ್ಮೆ ನೋಡಿ, ಬಣ್ಣದ ಮಿತಿಗಳನ್ನು ಬದಲಿಸದೆ ನಕ್ಷೆಗಳನ್ನು ಪಕ್ಕಪಕ್ಕ ಇಡಿ: ಮೊದಲು ಬಣ್ಣ ಏರಿದ ಬ್ಲಾಕು, ಆಮೇಲೆ ಅದರ ನೆರೆಯ ಬ್ಲಾಕು ಎದ್ದು ಕಾಣುತ್ತವೆ.