ಬ್ಲೂಟೂತ್ ತಾಪಮಾನ ಸೆನ್ಸರ್: ಕನೆಕ್ಷನ್ ತಪ್ಪಿದ ಮೇಲೆ ಮತ್ತೆ ಕಾಣಿಸುತ್ತದಾ?

ಈ ಸೆನ್ಸರ್ ಬಗ್ಗೆ ಇರುವ ವಿಮರ್ಶೆಗಳಲ್ಲಿ ಹೆಚ್ಚಿನವು ಬಾಕ್ಸ್ ಬಿಚ್ಚಿದ ವಾರದಲ್ಲೇ ಬರೆದವು. ತಾಪಮಾನ ಸರಿಯಾಗಿ ತೋರಿಸುತ್ತದೆ, ಪೇರಿಂಗ್ ಸುಲಭ, ಐದು ಸ್ಟಾರ್. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಂಥ ಸಾಧನದ ಬಣ್ಣ ಬಯಲಾಗುವುದು ಕನೆಕ್ಷನ್ ಕಡಿದು ಹೋದಾಗ, ಅದಕ್ಕೆ ತಿಂಗಳುಗಟ್ಟಲೆ ಬಳಸಬೇಕು. ನಾನು ಮೂರು ಫರ್ಮ್‌ವೇರ್ (ಸೆನ್ಸರ್ ಒಳಗೇ ಓಡುವ ಸಾಫ್ಟ್‌ವೇರ್) ದಾಟಿ ಬಂದಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಇದೇ ತೊಂದರೆ ಬೇರೆ ಬ್ರ್ಯಾಂಡ್‌ಗಳಲ್ಲೂ ಇದೆ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕ ಡಬ್ಬಿ. ಒಳಗೆ ನಾಣ್ಯದಂತಿರುವ ಒಂದು ಸಿಆರ್2032 ಸೆಲ್, ಒಂದು ಎಲ್‌ಇಡಿ, ಒಂದು ಬಟನ್. ತಾಪಮಾನ ಮತ್ತು ತೇವಾಂಶ ಅಳೆಯುತ್ತದೆ. ಬಳಸುವ ರೀತಿ ಎರಡು. ಒಂದು, ಕನೆಕ್ಟ್ ಆಗದೆ ದೂರದಿಂದಲೇ ಕೇಳಿಸಿಕೊಳ್ಳುವುದು. ಸೆನ್ಸರ್ ತನ್ನ ಅಡ್ವರ್ಟೈಸಿಂಗ್ ಪ್ಯಾಕೆಟ್ ("ನಾನಿಲ್ಲಿದ್ದೇನೆ" ಅಂತ ಸುತ್ತಲಿನವರಿಗೆಲ್ಲ ಆಗಾಗ ಕೂಗಿ ಹೇಳುವ ಪುಟ್ಟ ರೇಡಿಯೋ ಸಂದೇಶ) ಒಳಗೇ ಈಗಿನ ರೀಡಿಂಗ್ ಹಾಕಿ ಕಳಿಸುತ್ತಿರುತ್ತದೆ. ಆ ಪ್ಯಾಕೆಟ್‌ನಲ್ಲಿ 31 ಬೈಟ್ ಜಾಗ ಮಾತ್ರ, ಆದರೆ ಎರಡು ಸಂಖ್ಯೆಗೆ ಅದು ಧಾರಾಳ. ಎರಡನೆಯದು, ಹಳೆಯ ದಾಖಲೆ ಬೇಕಾದಾಗ ಆ್ಯಪ್‌ನಿಂದ ಕನೆಕ್ಟ್ ಆಗಿ ಇಳಿಸಿಕೊಳ್ಳುವುದು. ನಾನು ಎರಡೂ ಮಾಡುತ್ತೇನೆ. ಇಎಸ್‌ಪಿ32 ಅನ್ನುವ ಒಂದು ಚಿಕ್ಕ ವೈಫೈ-ಬ್ಲೂಟೂತ್ ಬೋರ್ಡ್ ದಿನವಿಡೀ ಕೇಳಿಸಿಕೊಂಡು ಹೋಮ್ ಅಸಿಸ್ಟೆಂಟ್ ಅನ್ನುವ ಸ್ಮಾರ್ಟ್ ಮನೆ ಸಾಫ್ಟ್‌ವೇರ್‌ಗೆ ಕಳಿಸುತ್ತದೆ, ಅಲ್ಲಿ ಗ್ರಾಫ್ ಬರುತ್ತದೆ. ಆಗಾಗ ಫೋನ್‌ನಿಂದ ಪೂರ್ತಿ ಇತಿಹಾಸ ತೆಗೆಯುತ್ತೇನೆ.

ತಕರಾರು ಶುರುವಾಗುವುದು ಈ ಎರಡೂ ಸೇರುವ ಕಡೆ. ಫೋನ್ ಕನೆಕ್ಟ್ ಆದ ಕೂಡಲೇ ಸೆನ್ಸರ್ ಅಡ್ವರ್ಟೈಸ್ ಮಾಡುವುದನ್ನು ನಿಲ್ಲಿಸುತ್ತದೆ. ಇದು ತಪ್ಪಲ್ಲ, ಇಂಥ ಸೆನ್ಸರ್‌ಗಳು ಬಳಸುವ ಬ್ಲೂಟೂತ್ ಲೋ ಎನರ್ಜಿ (ಕಡಿಮೆ ಬ್ಯಾಟರಿ ತಿನ್ನುವ ಬ್ಲೂಟೂತ್) ಇರುವುದೇ ಹಾಗೆ. ಕನೆಕ್ಷನ್ ಸಿಕ್ಕಿದರೆ ಆ ಅಡ್ವರ್ಟೈಸಿಂಗ್ ಅಲ್ಲಿಗೆ ಮುಗಿಯಿತು. ಆದರೆ ಕನೆಕ್ಷನ್ ಹೋದ ಮೇಲೆ ಅದು ತಾನಾಗಿ ಮತ್ತೆ ಶುರುವಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ರೇಡಿಯೋ ಅಂಥದ್ದೇನೂ ಮಾಡುವುದಿಲ್ಲ. ಮೇಲಿನ ಸಾಫ್ಟ್‌ವೇರ್ "ಮತ್ತೆ ಶುರು ಮಾಡು" ಅಂತ ಹೇಳಬೇಕು. ಹೇಳುವುದು ಮರೆತರೆ ಸೆನ್ಸರ್ ಬದುಕಿದೆ, ಅಳೆಯುತ್ತಿದೆ, ಆದರೆ ಯಾರಿಗೂ ಕಾಣುವುದಿಲ್ಲ.

ಮೊದಲ ಫರ್ಮ್‌ವೇರ್‌ನಲ್ಲಿ ಆಗಿದ್ದು ಇದೇ. ಇತಿಹಾಸ ಇಳಿಸಿಕೊಂಡ ಸ್ವಲ್ಪ ಹೊತ್ತಿಗೆ ಗ್ರಾಫ್ ಅಡ್ಡಗೆರೆಯಾಗಿ ನಿಂತುಬಿಡುತ್ತಿತ್ತು, ಆಮೇಲೆ ಗೆರೆಯೂ ಇಲ್ಲ. ಬಟನ್ ಒತ್ತಿದರೆ ಎಲ್‌ಇಡಿ ಮಿನುಗುತ್ತದೆ, ಫೋನ್‌ಗೆ ಮಾತ್ರ ಸಿಗುವುದಿಲ್ಲ. ಸೆಲ್ ತೆಗೆದು ಹಾಕಿದರೆ ಸರಿ. ಎಲ್ಲಾ ಸಲವೂ ಹೀಗಾಗುತ್ತಿರಲಿಲ್ಲ ಅನ್ನುವುದೇ ತಲೆಕೆಡಿಸಿದ್ದು. ನೋಡುತ್ತಾ ನೋಡುತ್ತಾ ಗೊತ್ತಾಯಿತು: ಆ್ಯಪ್‌ನಲ್ಲಿ ಡಿಸ್ಕನೆಕ್ಟ್ ಒತ್ತಿದರೆ ಸೆನ್ಸರ್ ತಕ್ಷಣ ವಾಪಸ್ ಬರುತ್ತದೆ. ಆ್ಯಪ್ ತೆರೆದಿಟ್ಟುಕೊಂಡೇ ಫೋನ್ ಹಿಡಿದು ದೂರ ಹೋದರೆ ಬರುವುದಿಲ್ಲ.

ಇವೆರಡೂ ಒಂದೇ ಅಲ್ಲ. ಡಿಸ್ಕನೆಕ್ಟ್ ಒತ್ತಿದಾಗ ಫೋನ್ ಒಂದು ಸಂದೇಶ ಕಳಿಸಿ ವಿದಾಯ ಹೇಳುತ್ತದೆ. ಸೆನ್ಸರ್‌ಗೆ ಕಾರಣ ಸಂಖ್ಯೆ 19 ಸಿಗುತ್ತದೆ, ಅಂದರೆ ಆ ಕಡೆಯವರೇ ಬಿಟ್ಟರು ಅಂತ. ದೂರ ಹೋದಾಗ ಯಾರೂ ಏನೂ ಹೇಳುವುದಿಲ್ಲ. ಸೆನ್ಸರ್ ಸುಮ್ನೆ ಕಾಯುತ್ತಾ ಕೂರುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಸೂಪರ್‌ವಿಷನ್ ಟೈಮ್‌ಔಟ್ ಅನ್ನುವ ಲೆಕ್ಕ ನಿರ್ಧರಿಸುತ್ತದೆ. ನಿಯಮದ ಪ್ರಕಾರ ಅದು 100 ಮಿಲಿಸೆಕೆಂಡ್‌ನಿಂದ 32 ಸೆಕೆಂಡ್‌ವರೆಗೆ ಎಷ್ಟು ಬೇಕಾದರೂ ಇರಬಹುದು, ಸಾಮಾನ್ಯವಾಗಿ ಕೆಲವು ಸೆಕೆಂಡ್ ಇಟ್ಟಿರುತ್ತಾರೆ. ಅಷ್ಟು ಹೊತ್ತು ಒಂದೂ ಪ್ಯಾಕೆಟ್ ಬರದಿದ್ದರೆ ಕಾರಣ ಸಂಖ್ಯೆ 8. ಫರ್ಮ್‌ವೇರ್ ಬರೆದವರು 19 ಬಂದರೆ ಏನು ಮಾಡಬೇಕು ಅಂತ ಬರೆದಿದ್ದಾರೆ, 8 ಬಂದರೆ ಏನು ಅಂತ ಬರೆದಿಲ್ಲ ಅಂತ ನನ್ನ ಊಹೆ. ಟೇಬಲ್ ಮೇಲೆ ಇಟ್ಟುಕೊಂಡು ಪರೀಕ್ಷೆ ಮಾಡಿದರೆ 8 ಬರುವುದೇ ಅಪರೂಪ, ಅಲ್ವಾ?

ಸಪೋರ್ಟ್‌ಗೆ ಇಷ್ಟೆಲ್ಲ ಬರೆದು ಕಳಿಸಿದೆ. ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ಕ್ಯಾಶ್ ಕ್ಲಿಯರ್ ಮಾಡಿ ಅಂತ ಉತ್ತರ ಬಂತು. ಸರಿ ಬಿಡಿ.

ಎರಡನೇ ಫರ್ಮ್‌ವೇರ್ ಬಂದಾಗ ಸೆನ್ಸರ್ ವಾಪಸ್ ಬರಲು ಕಲಿತಿತ್ತು, ಆದರೆ ಕೆಲವೇ ನಿಮಿಷ. ಅಷ್ಟರಲ್ಲಿ ಯಾರೂ ಕನೆಕ್ಟ್ ಆಗದಿದ್ದರೆ ಬ್ಯಾಟರಿ ಉಳಿಸಲು ಮಲಗಿಬಿಡುತ್ತಿತ್ತು, ಎಬ್ಬಿಸಲು ಬಟನ್ ಒತ್ತಬೇಕು. ಕೈಗೆ ಸಿಗುವ ಸಾಧನಕ್ಕೆ ಇದು ಒಳ್ಳೆಯ ಉಪಾಯ. ಫ್ರಿಜ್ ಹಿಂದೆ, ಅಟ್ಟದ ಮೇಲೆ, ಏಣಿ ಹಾಕಿ ಅಂಟಿಸಿದ ಸೆನ್ಸರ್‌ಗೆ ಬಟನ್ ಒತ್ತಿ ಅಂದರೆ ಏನರ್ಥ?

ಈಗಿನದು ಮೂರನೆಯದು, ಇದು ಸರಿಯಾಗಿದೆ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ತೋರಿಸುವ ಎನ್‌ಆರ್‌ಎಫ್ ಕನೆಕ್ಟ್ ಆ್ಯಪ್ ತೆರೆದು ಸ್ಕ್ಯಾನ್ ಹಾಕಿಕೊಂಡು ಕೂತರೆ ಕಣ್ಣಾರೆ ನೋಡಬಹುದು. ಕನೆಕ್ಷನ್ ಇರುವಷ್ಟು ಹೊತ್ತು ಸೆನ್ಸರ್ ಹೆಸರು ಮಂಕಾಗಿರುತ್ತದೆ. ಕನೆಕ್ಟ್ ಆಗಿರುವ ಇನ್ನೊಂದು ಫೋನನ್ನು ದೂರ ಒಯ್ದರೆ ಕೆಲವು ಸೆಕೆಂಡ್ ಏನೂ ಇಲ್ಲ, ಆಮೇಲೆ ಹೆಸರು ಮತ್ತೆ ಎದ್ದು ಬರುತ್ತದೆ. ಪಕ್ಕದಲ್ಲಿ ಪ್ಯಾಕೆಟ್‌ಗಳ ನಡುವಿನ ಅಂತರ ತೋರಿಸುತ್ತಿರುತ್ತದೆ, ಮೊದಲು ಕೆಲವು ಹತ್ತು ಮಿಲಿಸೆಕೆಂಡ್. ಸುಮಾರು ಅರ್ಧ ನಿಮಿಷ ಹೀಗೆ ಗಡಿಬಿಡಿ. ಆಮೇಲೆ ಅಂತರ ಒಂದು ಸೆಕೆಂಡ್‌ಗೆ ಏರಿ ಅಲ್ಲೇ ನಿಲ್ಲುತ್ತದೆ. 1025, 1030, 1027 ಅಂತ ಅಂಕಿ ಅಲುಗಾಡುತ್ತಿರುತ್ತದೆ, ಅದು ಬೇಕೆಂದೇ ಇಟ್ಟಿದ್ದು: ಪ್ರತಿ ಸಲವೂ 0ರಿಂದ 10 ಮಿಲಿಸೆಕೆಂಡ್ ಯಾದೃಚ್ಛಿಕವಾಗಿ ಸೇರಿಸಬೇಕು ಅಂತ ನಿಯಮ ಇದೆ, ಇಲ್ಲದಿದ್ದರೆ ಒಂದೇ ವೇಗದ ಎರಡು ಸೆನ್ಸರ್ ಹೊಂದಿಕೊಂಡುಬಿಟ್ಟು ಪ್ರತಿ ಸಲ ಒಂದರ ಮೇಲೊಂದು ಕೂಗುತ್ತಲೇ ಇರುತ್ತವೆ. ಈ ಅಂಕಿಗಳು ಎಲ್ಲಿಂದ ಬಂದವು ಅಂತಲೂ ಹೇಳಬಹುದು. ಮೊದಲ 30 ಸೆಕೆಂಡ್ 20 ಮಿಲಿಸೆಕೆಂಡ್‌ಗೊಮ್ಮೆ ಕಳಿಸಿ, ಆಮೇಲೆ ನಿಧಾನ ಮಾಡುವುದಾದರೆ 152.5, 1022.5, 1285 ಹೀಗೆ ಕೆಲವು ನಿರ್ದಿಷ್ಟ ಅಂತರಗಳಲ್ಲಿ ಒಂದನ್ನು ಬಳಸಿ ಅಂತ ಆ್ಯಪಲ್ ತನ್ನ ಸಾಧನ ತಯಾರಕರ ಮಾರ್ಗಸೂಚಿಯಲ್ಲಿ ಹೇಳುತ್ತದೆ.

ಯಾವಾಗಲೂ ವೇಗವಾಗಿಯೇ ಕಳಿಸಬಾರದಾ ಅಂದರೆ, ಸೆಲ್ ಉಳಿಯಬೇಕಲ್ಲ. ಪ್ರತಿ ಅಡ್ವರ್ಟೈಸ್‌ಮೆಂಟ್ ಒಂದು ಸಲವಲ್ಲ, 37, 38, 39 ಅನ್ನುವ ಮೂರು ಚಾನೆಲ್‌ಗಳಲ್ಲಿ ಒಂದಾದ ಮೇಲೊಂದು ಹೋಗುತ್ತದೆ. ಸಿಆರ್2032ರಲ್ಲಿ ಇರುವುದು ಸುಮಾರು 220 ಮಿಲಿಆಂಪ್ ಅವರ್. ಸೆಕೆಂಡಿಗೊಂದು ಸಲ ಆದರೆ ಆರಾಮ, ಸೆಕೆಂಡಿಗೆ ಐವತ್ತು ಸಲ ಆದರೆ ಖಾಲಿ.

ಇಲ್ಲಿ ಯಾವ ವಿಮರ್ಶೆಯಲ್ಲೂ ನನಗೆ ಕಾಣದ ಒಂದು ವಿಷಯ ಇದೆ. ನನ್ನ ಸೆನ್ಸರ್‌ಗಳಲ್ಲಿ ಒಂದರ ಸೆಲ್ ಮಿಕ್ಕವುಗಳಿಗಿಂತ ತುಂಬಾ ಬೇಗ ಮುಗಿಯುತ್ತಿತ್ತು. ಅದೇ ಫರ್ಮ್‌ವೇರ್, ಅದೇ ಕಂಪನಿಯ ಸೆಲ್. ಅದು ಇದ್ದದ್ದು ಫೋನ್ ಚಾರ್ಜ್‌ಗೆ ಹಾಕುವ ಜಾಗದಿಂದ ಸಿಗ್ನಲ್ ಸಿಕ್ಕೂ ಸಿಗದಷ್ಟು ದೂರದಲ್ಲಿ. ಆ್ಯಪ್‌ನಲ್ಲಿ "ತಾನಾಗಿ ಕನೆಕ್ಟ್ ಆಗು" ಆನ್ ಇತ್ತು. ಕನೆಕ್ಟ್ ಆಗುತ್ತದೆ, ಸಿಗ್ನಲ್ ಬೀಳುತ್ತದೆ, ಕಡಿಯುತ್ತದೆ, ಸೆನ್ಸರ್ ಮತ್ತೆ ಅರ್ಧ ನಿಮಿಷ ವೇಗವಾಗಿ ಕೂಗುತ್ತದೆ, ಅಷ್ಟರಲ್ಲಿ ಫೋನ್ ಮತ್ತೆ ಹಿಡಿಯುತ್ತದೆ. ರಾತ್ರಿಯಿಡೀ ಇದೇ ಆಟ. ಪ್ರತಿ ಸಲ ಕಡಿದಾಗಲೂ ವೇಗದ ಹಂತದಿಂದಲೇ ಶುರು ಮಾಡಿದರೆ ನಿಧಾನದ ಹಂತಕ್ಕೆ ಅದು ತಲುಪುವುದೇ ಇಲ್ಲ. ಆ ಆಯ್ಕೆ ಆಫ್ ಮಾಡಿದ ಮೇಲೆ ಸರಿಹೋಯಿತು. ಟೈಮ್‌ಔಟ್‌ನಿಂದ ಪದೇಪದೇ ಕಡಿಯುತ್ತಿದ್ದರೆ ನೇರವಾಗಿ ನಿಧಾನಕ್ಕೆ ಹೋಗುವ ಹಾಗೆ ಫರ್ಮ್‌ವೇರ್‌ನಲ್ಲೇ ಮಾಡಬಹುದಿತ್ತು. ಮಾಡಿಲ್ಲ.

ಇನ್ನೊಂದು, "ಸೆನ್ಸರ್ ಸತ್ತುಹೋಯ್ತು" ಅಂತ ಬರೆಯುವ ಮುಂಚೆ ಮನೆಯ ಬೇರೆ ಫೋನ್‌ಗಳನ್ನು ನೋಡಿ. ಇದು ಒಮ್ಮೆಗೆ ಒಂದೇ ಕನೆಕ್ಷನ್ ಕೊಡುತ್ತದೆ. ಯಾರದೋ ಫೋನ್‌ನಲ್ಲಿ ಆ್ಯಪ್ ಹಿನ್ನೆಲೆಯಲ್ಲಿ ಹಿಡಿದುಕೊಂಡಿದ್ದರೆ ಮಿಕ್ಕವರಿಗೆಲ್ಲ ಇದು ಮಾಯ.

ಆ್ಯಪ್‌ಗಳಲ್ಲಿ ಐಫೋನ್‌ನದ್ದು ವಾಸಿ. ಐಫೋನ್‌ನಲ್ಲಿ ಕನೆಕ್ಟ್ ಕೋರಿಕೆಗೆ ಅವಧಿ ಮುಗಿಯುವುದೇ ಇಲ್ಲ, ಸೆನ್ಸರ್ ಯಾವಾಗ ಕಂಡರೂ ಹಿಡಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಎರಡು ದಾರಿ ಇವೆ, ನೇರವಾಗಿ ಪ್ರಯತ್ನಿಸಿ ಸ್ವಲ್ಪ ಹೊತ್ತಿಗೆ ಕೈಬಿಡುವುದು, ಇಲ್ಲವೇ ತಾಳ್ಮೆಯಿಂದ ಕಾಯುತ್ತಿರುವುದು. ಈ ಆ್ಯಪ್ ತಾನಾಗಿ ಕನೆಕ್ಟ್ ಆಗುವಾಗ ಎರಡನೆಯದನ್ನು ಬಳಸುತ್ತದೆ, ನಾವು ಕೈಯಿಂದ ಕನೆಕ್ಟ್ ಒತ್ತಿದಾಗ ಮೊದಲನೆಯದನ್ನು. ಹಾಗಾಗಿ ಒತ್ತಿದ ತಕ್ಷಣ ಆಗದಿದ್ದರೆ 133 ಅನ್ನುವ ಅರ್ಥವಿಲ್ಲದ ಎರರ್ ತೋರಿಸಿ ಕೂರುತ್ತದೆ. ಮತ್ತೆ ಒತ್ತಿ, ಆಗುತ್ತದೆ.

ಕೊಳ್ಳುವವರು ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಇದೊಂದು ಮಾಡಿ. ಕನೆಕ್ಟ್ ಮಾಡಿ, ಡಿಸ್ಕನೆಕ್ಟ್ ಒತ್ತದೆ ಫೋನ್ ಹಿಡಿದು ಸಿಗ್ನಲ್ ಹೋಗುವಷ್ಟು ದೂರ ನಡೆಯಿರಿ, ಒಂದರ್ಧ ಗಂಟೆ ಬಿಟ್ಟು ಬಂದು ಸ್ಕ್ಯಾನ್ ಹಾಕಿ. ಸೆನ್ಸರ್ ಬಟನ್ ಮುಟ್ಟದೆ ಕಾಣಿಸಬೇಕು. ಕಾಣದಿದ್ದರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಇನ್ನೊಂದು ಸಲ ನೋಡಿ, ಆಗಲೂ ಇಲ್ಲ ಅಂದರೆ ವಾಪಸ್ ಕೊಡಿ.

ಅಳತೆಗೆ ಐದು ಸ್ಟಾರ್, ಆಂಡ್ರಾಯ್ಡ್ ಆ್ಯಪ್‌ಗೆ ಎರಡು. ಈಗಿನ ಫರ್ಮ್‌ವೇರ್ ಜೊತೆ ಒಟ್ಟು ನಾಲ್ಕು ಕೊಡುತ್ತೇನೆ. ಒಂದು ಕಡಿತ ಯಾಕೆ ಅಂದರೆ ನಿಧಾನದ ಅಂತರವನ್ನು ನಾವೇ ಬದಲಿಸಲು ಇನ್ನೂ ಬಿಟ್ಟಿಲ್ಲ, ನನ್ನ ಗ್ರಾಫ್‌ಗೆ ಹತ್ತು ಸೆಕೆಂಡಿಗೊಂದು ರೀಡಿಂಗ್ ಸಾಕಾಗಿತ್ತು, ಸೆಲ್ ಇನ್ನೂ ಜಾಸ್ತಿ ದಿನ ಬರುತ್ತಿತ್ತು.