ಪಿಟಿಎಂ7950 ಥರ್ಮಲ್ ಪ್ಯಾಡ್: ಎರಡು ಬೇಸಿಗೆ ದಾಟಿದ ಮೇಲೆ

ಮೊದಲೇ ಹೇಳಿಬಿಡುವುದು ವಾಸಿ. ಕಾದು ಆಫ್ ಆಗಿ, ಮತ್ತೆ ಆನ್ ಆಗದೆ ಕೂತ ಲ್ಯಾಪ್‌ಟಾಪನ್ನು ಹನಿವೆಲ್‌ನ ಈ ಪ್ಯಾಡ್, ಅಂದರೆ ಪ್ರೊಸೆಸರ್‌ಗೂ ಅದರ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಹಾಕುವ ತೆಳು ಹಾಳೆ, ಎಬ್ಬಿಸುವುದಿಲ್ಲ. ಎದ್ದದ್ದು ಮತ್ತೆ ಮಲಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಎಬ್ಬಿಸಲು ಮೊದಲು ಅರ್ಧ ಗಂಟೆ ತಣಿಯಲು ಬಿಡಿ. ಚಾರ್ಜರ್ ಕಿತ್ತು, ಹಿಂಬದಿ ಕವರ್ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತುವ, ಚುಚ್ಚುವ ಸಾಹಸ ಬೇಡ, ಬದಲಿಸಲೇಬೇಕು. ಮತ್ತೆ ಜೋಡಿಸಿ ಆನ್ ಮಾಡಿದಾಗ ಲೈಟ್ ಬಂದು ಪರದೆ ಕಪ್ಪಗಿದ್ದರೆ ರ‍್ಯಾಮ್ ಕಿತ್ತು, ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಂದೊಂದೇ ಸ್ಟಿಕ್ ಹಾಕಿ ನೋಡಿ. ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಇದ್ದರೆ ಮೊದಲ ಸಲ ಪರದೆ ಬರಲು ಒಂದೆರಡು ನಿಮಿಷ ಹಿಡಿಯಬಹುದು, ಗಾಬರಿಯಿಂದ ಬಟನ್ ಒತ್ತಬೇಡಿ. ಕೆಲವು ಸೆಕೆಂಡ್ ಓಡಿ ನಿಂತರೆ ಫ್ಯಾನ್ ಮೇಲೆ ಅನುಮಾನ ಪಡಿ: ಫ್ಯಾನ್ ತಿರುಗದಿದ್ದರೆ ಬೂಟ್ ಆಗಲು ಒಪ್ಪದ ಮಾಡೆಲ್‌ಗಳೂ ಇವೆ. ಲೈಟೇ ಬರದಿದ್ದರೆ ಅಡಾಪ್ಟರ್, ಚಾರ್ಜಿಂಗ್ ಜ್ಯಾಕ್ ನೋಡಿ. ಅವೆರಡೂ ಸರಿಯಿದ್ದರೆ ಬೋರ್ಡ್‌ನಲ್ಲಿ ಶಾರ್ಟ್ ಇರಬಹುದು, ಅದು ಚಿಪ್ ಲೆವೆಲ್ ಸರ್ವಿಸ್‌ನವರ ಕೆಲಸ.

ಇನ್ನು ಪ್ಯಾಡ್. ಅದೇ ಜಾಗಕ್ಕೆ ಮಾಮೂಲಿ ಥರ್ಮಲ್ ಪೇಸ್ಟ್ ಹಚ್ಚಿದ ವಾರ ತಂಪಾಗಿದ್ದು, ಕೆಲವು ತಿಂಗಳಿಗೆ ಮತ್ತೆ ಫ್ಯಾನ್ ಬೊಬ್ಬೆ ಹೊಡೆಯುವುದು ಯಾಕೆ ಗೊತ್ತೇ? ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಲೋಹದ ಮುಚ್ಚಳ ಇರುವುದಿಲ್ಲ, ಹೀಟ್‌ಸಿಂಕ್ ನೇರ ಸಿಲಿಕಾನ್ ಮೇಲೆ ಕೂರುತ್ತದೆ. ಕಾದು ತಣಿಯುವ ಪ್ರತಿ ಸುತ್ತಿನಲ್ಲೂ ಎರಡರ ನಡುವಿನ ಪೇಸ್ಟ್ ಸ್ವಲ್ಪಸ್ವಲ್ಪವೇ ಅಂಚಿಗೆ ಜಾರಿ, ನಡುಭಾಗ ಬರಿದಾಗುತ್ತದೆ. ಪಿಟಿಎಂ ಕೋಣೆಯ ತಾಪಮಾನದಲ್ಲಿ ಹಾಳೆಯಂತೆ ಇದ್ದು, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದುಗಳನ್ನೆಲ್ಲ ತುಂಬುತ್ತದೆ, ತಣಿದಾಗ ಮತ್ತೆ ಗಟ್ಟಿ. ಹಾಗಾಗಿ ಜಾರಿ ಹೋಗುವುದು ತೀರಾ ಕಡಿಮೆ. ಎರಡು ಬೇಸಿಗೆ ಕಳೆದರೂ ಜೋರು ಕೆಲಸದ ವೇಳೆಯ ತಾಪಮಾನ ಮೊದಲ ತಿಂಗಳಿನ ಮಟ್ಟದಲ್ಲೇ ಇದೆ. ಹೊಸ ಪೇಸ್ಟ್‌ಗೆ ಹೋಲಿಸಿದರೆ ಮೊದಲ ದಿನ ದೊಡ್ಡ ವ್ಯತ್ಯಾಸವೇನೂ ಕಾಣದು; ದುಡ್ಡು ಕೊಡುವುದು ಬಾಳಿಕೆಗೆ.

ಹಾಕುವಾಗಲೇ ಜನ ಕೆಡಿಸಿಕೊಳ್ಳುವುದು. ಹಾಳೆ ಬರೀ 0.25 ಮಿ.ಮೀ. ದಪ್ಪ, ಸೆಖೆಯಲ್ಲಿ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಹರಿದುಹೋಗುತ್ತದೆ. ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಚಿಪ್‌ನ ಅಳತೆಗೆ ಕತ್ತರಿಸಿ, ಒಂದು ಬದಿಯ ಪದರ ಸುಲಿದು ಕೂರಿಸಿ. ಇನ್ನೊಂದು ಪದರ ಏಳದಿದ್ದರೆ ಎಳೆದಾಡಬೇಡಿ, ಐಸ್ ಇಟ್ಟ ಒಣ ಪ್ಲಾಸ್ಟಿಕ್ ಚೀಲವನ್ನು ಅರೆಕ್ಷಣ ತಾಗಿಸಿ. ಹಳೇ ಪೇಸ್ಟನ್ನು ಅದಕ್ಕೂ ಮೊದಲೇ 99 ಶೇಕಡಾ ಐಸೊಪ್ರೊಪೈಲ್‌ನಲ್ಲಿ ಪೂರ್ತಿ ಒರೆಸಿರಬೇಕು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚಾಗಿದ್ದರೆ ಅದೇ ಕ್ರಮದಲ್ಲಿ, ಪ್ರತಿಯೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್‌ನ ಅಂಚು ಒಡೆಯಬಹುದು, ಆಮೇಲೆ ಯಾವ ಪ್ಯಾಡೂ ಕಾಪಾಡದು. ಫ್ಯಾನ್ ಕನೆಕ್ಟರ್ ಮರೆತು ಕವರ್ ಮುಚ್ಚುವವರಿಗಂತೂ ಲೆಕ್ಕವಿಲ್ಲ.

ಮೊದಲ ದಿನವೇ ಅಳೆದು ಬೈಯಬೇಡಿ. ಹದಿನೈದು ನಿಮಿಷ ಜೋರಾಗಿ ಓಡಿಸಿ, ತಣಿಸಿ, ಹೀಗೆ ಮೂರ‍್ನಾಲ್ಕು ಸುತ್ತು ಆದಮೇಲೆ ಹಾಳೆ ತೆಳ್ಳಗೆ ಹರಡಿ ತಾಪಮಾನ ಇಳಿಯುತ್ತದೆ. ಗ್ರಾಫಿಕ್ಸ್ ಮೆಮೊರಿ ಮೇಲಿನ ದಪ್ಪ ಪ್ಯಾಡ್‌ಗಳ ಜಾಗಕ್ಕೆ ಇದು ಆಗಿಬರುವುದಿಲ್ಲ, ಅಲ್ಲಿ ತುಂಬಬೇಕಾದ ಅಂತರವೇ ಬೇರೆ. ಆ ದಪ್ಪ ಪ್ಯಾಡ್‌ಗಳು ಹರಿದುಹೋಗಿರದಿದ್ದರೆ ಹಾಗೇ ಬಿಡಿ.

ಇಷ್ಟೆಲ್ಲ ಮಾಡಿಯೂ 100 ಡಿಗ್ರಿಗೇ ತಾಗುತ್ತಿದ್ದರೆ ತಪ್ಪು ಬಹುಶಃ ಧೂಳಿನದು. ಫ್ಯಾನ್‌ಗೂ ಹೀಟ್‌ಸಿಂಕ್‌ನ ರೆಕ್ಕೆಗಳಿಗೂ ನಡುವೆ ಅದು ಕಂಬಳಿಯಂತೆ ಹೆಪ್ಪುಗಟ್ಟುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಫ್ಯಾನ್ ಬಿಚ್ಚಿ ಬ್ರಷ್‌ನಿಂದ ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳು.

ಈ ಹೆಸರಿನಲ್ಲಿ ನಕಲಿ ಹಾಳೆಗಳೂ ಮಾರಾಟಕ್ಕಿವೆ. ತೀರಾ ಅಗ್ಗಕ್ಕೆ ಸಿಕ್ಕಿದ್ದು ಹಲವು ಸುತ್ತು ಕಾದ ಮೇಲೂ ದಪ್ಪಗೇ ಉಳಿದಿದ್ದರೆ ಅದನ್ನು ಕಿತ್ತೆಸೆದು, ಒಳ್ಳೆಯ ಪೇಸ್ಟ್‌ಗೇ ಮರಳಿ.