ಟೈರ್ ಉಜ್ಜುತ್ತಿದೆಯೇ? ಸ್ಪೇಸರ್ ಹಾಕೋದೋ, ಟೈರ್ ಬದಲಿಸೋದೋ

ಕಾಯಿಲೋವರ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿದ ಮೇಲೆ ಚಕ್ರ ಉಜ್ಜುತ್ತಿದ್ದರೆ, ದುಡ್ಡು ಬಿಚ್ಚುವ ಮೊದಲು ಎಲ್ಲಿ ಅಂತ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಬಗ್ಗಿ. ಟೈರಿನ ಒಳಬದಿಯಲ್ಲಿ, ಅಂದರೆ ಕಾರಿನ ಕಡೆಗಿರುವ ಮೈಯಲ್ಲಿ, ಸುತ್ತಲೂ ಹೊಳೆಯುವ ಗೆರೆ ಇದ್ದರೆ ಅದು ಸ್ಟ್ರಟ್‌ಗೋ (ಶಾಕ್ ಇರುವ ಕಂಬ) ಸ್ಪ್ರಿಂಗ್ ಕೂರುವ ತಟ್ಟೆಗೋ ತಾಗುತ್ತಿರಬೇಕು. ಹೊರ ಅಂಚು ತರಚಿದ್ದರೆ ಫೆಂಡರ್‌ಗೆ, ಅಂದರೆ ಚಕ್ರದ ಮೇಲಿನ ಬಾಡಿ ತಗಡಿಗೆ.

ಒಳಗೆ ತಾಗುವವರಿಗೆ ಸ್ಪೇಸರ್ ಅಗ್ಗದ ದಾರಿ. ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಡುವ ಲೋಹದ ಬಿಲ್ಲೆ ಅದು. 5 ಮಿ.ಮೀ. ಸ್ಪೇಸರ್ ಹಾಕಿದರೆ ಚಕ್ರ ಅಷ್ಟೇ ಹೊರಗೆ ಬರುತ್ತದೆ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮೈಗಿರುವ ದೂರ, ಮಿ.ಮೀ.ನಲ್ಲಿ) 45 ಇದ್ದದ್ದು 40 ಆದಂತೆ. ಆದರೆ ಬೋಲ್ಟಿನ ಹಿಡಿತವೂ ಅಷ್ಟೇ ಕಡಿಮೆಯಾಗುತ್ತದೆ. ಹಾಗಾಗಿ ಉದ್ದದ ಬೋಲ್ಟ್ ಅಥವಾ ಸ್ಟಡ್ ಬೇಕು, ಹಬ್ ಮೇಲೆ ಅಲುಗದೆ ಕೂರುವ ಸ್ಪೇಸರ್ರೇ ಬೇಕು. ಇದರಲ್ಲಿ ಚೌಕಾಸಿ ಬೇಡ. ಫೆಂಡರ್ ಮೊದಲೇ ಹತ್ತಿರವಿದ್ದರೆ ಒಳಗಿನ ತೊಂದರೆ ಹೊರಗೆ ಬಂತು, ಅಷ್ಟೇ ಅಲ್ವಾ?

ಟೈರ್ ಬದಲಿಸಿದರೆ ಖರ್ಚು ಜಾಸ್ತಿ, ಆದರೆ ಎರಡೂ ಕಡೆ ಜಾಗ ಸಿಗುತ್ತದೆ. 205/55 ಆರ್16 ತೆಗೆದು 195/55 ಆರ್16 ಹಾಕಿದರೆ (ಮೊದಲ ಸಂಖ್ಯೆ ಟೈರಿನ ಅಗಲ, ಮಿ.ಮೀ.ನಲ್ಲಿ) ಒಂದೊಂದು ಬದಿಗೆ ಸುಮಾರು 5 ಮಿ.ಮೀ., ವ್ಯಾಸದಲ್ಲಿ 11 ಮಿ.ಮೀ. ಉಳಿಯುತ್ತದೆ. ಸ್ಪೀಡೋಮೀಟರ್ ತುಸು ಹೆಚ್ಚು ತೋರಿಸುತ್ತದೆ, ಪರವಾಗಿಲ್ಲ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಸಂಖ್ಯೆ) ಮಾತ್ರ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಜಾಗ ಮಾಡಲು ಫೆಂಡರ್ ಅಂಚು ಮಡಿಸೋದು ನನಗೆ ಇಷ್ಟವಿಲ್ಲ. ಬಣ್ಣ ಬಿರಿದರೆ ತುಕ್ಕು ಶುರು.

ಗುಂಡಿಗೆ ಇಳಿದಾಗ ಮಾತ್ರ ಫೆಂಡರ್‌ಗೆ ತಾಗುತ್ತಿದ್ದರೆ ನನ್ನ ಆಯ್ಕೆ ಇವೆರಡೂ ಅಲ್ಲ. ಸುಮ್ನೆ ಕಾಯಿಲೋವರನ್ನೇ 10 ಮಿ.ಮೀ. ಏರಿಸಿ ನೋಡಿ. ಚಕ್ರಗಳ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು, ಖರ್ಚು ಅದೊಂದೇ.